ಲಾರಿಯವನ ಮುಖ

ಪುಸ್ತಕವನ್ನು ಮೊದಲೇ ಓದಿದವರು ಆಮೇಲೆ ಅದರ ಆನಿಮೆ ನೋಡಲು ಕೂತರೆ ಪಕ್ಕದಲ್ಲಿ ಕೂತವರಿಗೆ ಸುಖವಿಲ್ಲ. ನಾನು ಆ ಜಾತಿಯವಳು. ಪರದೆಯ ಮೇಲೆ ಏನೇ ಬರಲಿ, 'ಪುಸ್ತಕದಾಗ ಹಿಂಗಿಲ್ಲ' ಎಂದು ಬಾಯಿ ಹಾಕದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಇದೇ ಕಾರಣಕ್ಕೆ ನನ್ನ ತಮ್ಮ ನನ್ನ ಜೊತೆ ಕೂತು ಏನನ್ನೂ ನೋಡುವುದಿಲ್ಲ. ಜಪಾನಿನಲ್ಲಿ ಹರೆಯದವರಿಗೆಂದು ಅಲ್ಲಲ್ಲಿ ಚಿತ್ರ ಹಾಕಿ ತರುವ ಚಿಕ್ಕ ಕಾದಂಬರಿಗಳಿರುತ್ತವೆ, ಲೈಟ್ ನಾವೆಲ್ ಅನ್ನುತ್ತಾರೆ. ಅವು ಚೆನ್ನಾಗಿ ಓಡಿದರೆ ಅದೇ ಕಥೆಯನ್ನು ಕಾರ್ಟೂನಿನಂತೆ ಬಿಡಿಸಿ ಕಂತು ಕಂತಾಗಿ ಬಿಡುತ್ತಾರೆ, ಅದೇ ಆನಿಮೆ. ಹಾವೇರಿಯಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ನನಗೆ ಈ ಚಟ ಹಚ್ಚಿದಳು. ಡಿಗ್ರಿ ಮುಗಿಯಿತು, ಚಟ ಮುಗಿಯಲಿಲ್ಲ.

ನಾನು ಹೇಳಹೊರಟಿರುವುದು ಅಂಥದೊಂದು ಆನಿಮೆಯ ಗುಣ ದೋಷಗಳನ್ನು. ಆದರೆ ಅದನ್ನು ನಾನು ಒಬ್ಬಳೇ ನೋಡಲಿಲ್ಲ, ದೊಡ್ಡವ್ವನ ಜೊತೆ ನೋಡಿದೆ. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ದೊಡ್ಡಪ್ಪ ತೀರಿಕೊಂಡ ಮೇಲೆ ಹಲಗೇರಿಯ ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಮಕ್ಕಳಿಲ್ಲ. ಬೈಯುವ ಆಸೆ ಬಹಳ ಇರುವುದರಿಂದ ನನ್ನನ್ನು ಇಟ್ಟುಕೊಂಡಿದ್ದಾಳೆ.

ನಮ್ಮ ಹೊಲದಲ್ಲಿ ನೆಟ್‌ಹೌಸ್ ಇದೆ. ಬಿಳಿ ಬಲೆ ಹೊದಿಸಿದ ಆ ಚಪ್ಪರದೊಳಗೆ ಕಂಪನಿಯವರಿಗಾಗಿ ಟೊಮೆಟೊದ ಹೈಬ್ರಿಡ್ ಬೀಜ ಬೆಳೆಯುತ್ತೇವೆ. ರಾಣೇಬೆನ್ನೂರಿನ ಸುತ್ತ ಈ ಕೆಲಸಕ್ಕೆ 'ಕ್ರಾಸಿಂಗ್' ಎಂದೇ ಹೆಸರು. ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಎಳೆಗಳನ್ನೆಲ್ಲ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಉಳಿದ ಹೆಣ್ಣು ತುದಿಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಒಂದೇ ಒಂದು ಗಂಡು ಎಳೆ ಉಳಿದರೂ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿಕೊಂಡು ಕೂರುತ್ತದೆ, ಬೀಜ ಕಲಬೆರಕೆಯಾಗುತ್ತದೆ. ಆ ಹೆಣ್ಣು ತುದಿ ಎಷ್ಟು ಸಣ್ಣದಿರುತ್ತದೆ ಎಂದರೆ, ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವವರಿಗೆ ಈ ಕೆಲಸ ಬೇಡ.

ದೊಡ್ಡವ್ವ ನಮ್ಮ ಸಾಲುಗಳಲ್ಲೆಲ್ಲ ಮೊದಲನೆಯವಳು. ಅವಳ ಕೈ ಸೋಕಿದ ಹೂವು ಬಾಡಿದ್ದನ್ನು ನಾನು ನೋಡಿಲ್ಲ. ಅಂಥವಳು ಹೂವನ್ನು ಮೂಗಿನ ಹತ್ತಿರ ತಂದುಕೊಳ್ಳತೊಡಗಿದಳು. ಕಣ್ಣಿಗೆ ಪೊರೆ ಬಂದಿತ್ತು. ಪಕ್ಕದ ಸಾಲಿನಲ್ಲಿದ್ದ ನಾನು ಅವಳು ಮುಂದೆ ಹೋದ ಮೇಲೆ ಅವಳ ಹೂಗಳನ್ನು ಇನ್ನೊಮ್ಮೆ ಬಿಡಿಸಿ ನೋಡುತ್ತಿದ್ದೆ. ಅಪ್ಪನಿಗೆ ಇದು ಗೊತ್ತಾಯಿತು. 'ಮುಂದಿನ ಹಂಗಾಮಿಗೆ ಅಕ್ಕಾರನ್ನ ಕರೀಬ್ಯಾಡ್ರಿ. ಮನ್ಯಾಗ ಆರಾಮ ಇರಲಿ' ಎಂದ. ಅವನು ಕಕ್ಕುಲಾತಿಯಿಂದಲೇ ಅಂದದ್ದು. ಆದರೆ ದೊಡ್ಡವ್ವನಿಗೆ ಆರಾಮ ಇರುವುದು ಬರುವುದಿಲ್ಲ. ಆ ಸಾಲಿನಿಂದ ಎಬ್ಬಿಸಿದರೆ ಅವಳು ಒಳಗೊಳಗೇ ಕುಸಿದು ಹೋಗುತ್ತಾಳೆ ಎಂದು ನನಗೆ ಖಾತ್ರಿಯಿತ್ತು. ಆಪರೇಷನ್ ಮಾತೆತ್ತಿದರೆ ಕದರಮಂಡಲಗಿಯ ಹನುಮಪ್ಪನನ್ನು ಮುಂದೆ ಮಾಡುತ್ತಿದ್ದಳು.

'ಹನುಮಪ್ಪನ ಕಣ್ಣ ನೋಡಿ ಬಂದ್ರ ನನ್ನ ಕಣ್ಣ ತಿಳಿ ಆಗತಾವು. ಡಾಕ್ಟರ್ ಯಾಕ?'

'ಹನುಮಪ್ಪಗ ಬ್ಯಾರೆ ಕೆಲಸ ಇಲ್ಲೇನು? ಹೋದ ಶನಿವಾರ ನೋಡಿ ಬಂದೀದಿ, ಬರತ ನಮ್ಮ ಬಸ್ಸು ಬಿಟ್ಟು ಬ್ಯಾಡಗಿ ಬಸ್ಸು ಹತ್ತೀದಿ.'

'ಬ್ಯಾಡಗ್ಯಾಗ ಮೆಣಸಿನಕಾಯಿ ಘಾಟು ತಗೊಂಡು ಬಂದ್ನಿ, ಮೂಗು ಬಿಚ್ಚಿತು. ಅದೂ ಒಂದು ಲಾಭ.'

ಇಂಥವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಆ ಹಂಗಾಮಿನಲ್ಲಿ ಸಾಲಿನಲ್ಲಿ ಕೂತ ಹೆಂಗಸರಿಗೆಲ್ಲ ನಾನು ಓದುತ್ತಿದ್ದ ಕಾದಂಬರಿಯನ್ನು ದಿನಕ್ಕಿಷ್ಟು ಹೇಳುತ್ತಿದ್ದೆ. ಕೈ ಹೂವಿನಲ್ಲಿರುತ್ತದೆ, ಕಿವಿ ಖಾಲಿ ಇರುತ್ತದೆ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತಿತೋ, ಹೇಳುವವರು ಕಥೆ ನಿಲ್ಲಿಸಬೇಕು. ಹೂಂಗುಟ್ಟುವ ಜವಾಬ್ದಾರಿ ದೊಡ್ಡವ್ವನದು.

ಕಥೆ ಹೀಗಿದೆ. ಜಪಾನಿನ ಪಟ್ಟಣವೊಂದರಲ್ಲಿ ಒಬ್ಬ ಹುಡುಗಿ ರಸ್ತೆ ದಾಟುವಾಗ ಲಾರಿ ಗುದ್ದುತ್ತದೆ. ಅವಳು ಕಣ್ಣು ಬಿಡುವುದು ಇನ್ನೊಂದು ಲೋಕದಲ್ಲಿ, ಒಂದು ದೊಡ್ಡ ಹೊಳೆಯ ದಂಡೆಯಲ್ಲಿ, ಅಂಬಿಗನ ಮಗಳಾಗಿ. ಹೊಳೆಯ ಈಚೆ ಮನುಷ್ಯರು, ಆಚೆ ರಾಕ್ಷಸರು. ಇಬ್ಬರಿಗೂ ವೈರ. ಆದರೆ ದೋಣಿ ಹತ್ತಿದವರು ಯಾರು ಏನು ಎಂದು ಅಂಬಿಗರು ಕೇಳುವಂತಿಲ್ಲ, ಅದು ಹೊಳೆಯ ಕಾನೂನು. ನಮ್ಮವ್ವ, ದೊಡ್ಡವ್ವ ಇಬ್ಬರ ತವರೂ ಕರ್ಜಗಿ, ವರದಾ ಹೊಳೆಯ ಕಡೆಯವರು. ಹೊಳೆ ಎಂದ ಕೂಡಲೇ ಕಥೆ ತಮ್ಮದೇ ಆಯಿತು ಎಂದು ತಿಳಿದುಕೊಂಡರು.

ಆದರೆ ಹುಡುಗಿ ಹೊಳೆದಂಡೆಯಲ್ಲಿ ಕಣ್ಣು ಬಿಟ್ಟ ಕೂಡಲೇ ದೊಡ್ಡವ್ವನ ಹೂಂ ನಿಂತಿತು.

'ಲಾರಿಯವ ಏನಾದ?'

'ಯಾವ ಲಾರಿಯವ?'

'ಹುಡುಗಿಗೆ ಗುದ್ದಿದ್ನಲ್ಲ, ಅಂವ.'

'ಅಂವಂದು ಕಥಿಯಾಗ ಬರೂದಿಲ್ಲ, ದೊಡ್ಡವ್ವ.'

'ಬರೂದಿಲ್ಲ ಅಂದ್ರ? ಹುಡುಗಿ ಸತ್ತು ಹೊಳಿದಂಡಿಗೆ ಹೋದ್ಲು, ಪಾರಾದ್ಲು. ಅಂವ ಇನ್ನೂ ರಸ್ತೇದ ಮ್ಯಾಲ ಅದಾನಲ್ಲ. ಮಂದಿ ಕೂಡಿರತಾರ. ಹೊಡದಿರತಾರ ಅಂವಗ.'

ಜಪಾನಿನ ಈ ಬಗೆಯ ಕಥೆಗಳಲ್ಲಿ ಎಷ್ಟೋ ಲಾರಿಯಿಂದಲೇ ಶುರುವಾಗುತ್ತವೆ. ನಾಯಕನನ್ನು ಬೇರೆ ಲೋಕಕ್ಕೆ ಕಳಿಸಲು ಅವರಿಗೆ ಅದಕ್ಕಿಂತ ಸುಲಭದ ವಾಹನ ಸಿಕ್ಕಿಲ್ಲ. ಅಂಥವನ್ನು ನಾನು ರಾಶಿ ಓದಿದ್ದೇನೆ. ಲಾರಿ ನಡೆಸುತ್ತಿದ್ದವನ ಬಗ್ಗೆ ಒಮ್ಮೆಯೂ ಯೋಚನೆ ಬಂದಿರಲಿಲ್ಲ.

ದೊಡ್ಡವ್ವನಿಗೆ ಬಂತು, ಏಕೆಂದರೆ ದೊಡ್ಡಪ್ಪ ಲಾರಿ ನಡೆಸುತ್ತಿದ್ದ. ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಮುಂಬೈವರೆಗೆ ಹೋಗುತ್ತಿದ್ದ. ಒಮ್ಮೆ ಹೆದ್ದಾರಿಯಲ್ಲಿ ಸೈಕಲ್ಲಿನವನೊಬ್ಬ ಅವನ ಲಾರಿಯ ಮುಂದೆ ಬಿದ್ದ. ದೊಡ್ಡಪ್ಪ ಓಡಿಹೋಗಲಿಲ್ಲ, ನಿಲ್ಲಿಸಿದ, ಅವನನ್ನು ಎತ್ತಿಕೊಂಡು ದವಾಖಾನೆಗೆ ಹೊರಟ. ಕೂಡಿದ ಮಂದಿ ಅಲ್ಲೇ ದೊಡ್ಡಪ್ಪನನ್ನು ಹಿಡಿದು ಬಡಿದರು. ಸೈಕಲ್ಲಿನವನ ಕಾಲು ಮುರಿದಿತ್ತು, ಕೂಡಿಕೊಂಡಿತು. ದೊಡ್ಡಪ್ಪ ಮಾತ್ರ ಆಮೇಲೆ ಸೈಕಲ್ ಕಂಡಲ್ಲೆಲ್ಲ ಗಾಡಿ ನಿಧಾನ ಮಾಡುತ್ತಿದ್ದನಂತೆ. ಮನೆಯಲ್ಲಿ ಈ ಸುದ್ದಿಯನ್ನು ಯಾರೂ ತೆಗೆಯುತ್ತಿರಲಿಲ್ಲ. ಸಿನಿಮಾದಲ್ಲಿ ಲಾರಿ ಬಂದು ಯಾರಿಗಾದರೂ ಗುದ್ದಿದರೆ ದೊಡ್ಡವ್ವ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದಳು, ಅಷ್ಟೇ.

ಇದೆಲ್ಲ ನನಗೆ ನೆನಪಾದದ್ದು ಅವಳ ಪ್ರಶ್ನೆ ಕೇಳಿದ ಮೇಲೆ. ಹೂಂ ಇಲ್ಲದೆ ಕಥೆ ಮುಂದೆ ಹೋಗುವಂತಿಲ್ಲ. ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುತ್ತ ಮುಟ್ಟಿಸುತ್ತ ನಾನು ಹೇಳಿದೆ: ಲಾರಿಯವ ಗಾಡಿ ನಿಲ್ಲಿಸಿದ. ಓಡಿಹೋಗಲಿಲ್ಲ. ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮುಂದೆ ಅವನಿಗೂ ವಯಸ್ಸಾಯಿತು, ಅವನೂ ಸತ್ತ, ಅವನೂ ಆ ಲೋಕಕ್ಕೆ ಬಂದ. ಹೊಳೆ ದಾಟಬೇಕೆಂದು ದಂಡೆಗೆ ಬಂದು ನಿಂತ. ದೋಣಿ ತಂದವಳು ಅವಳೇ.

'ಹೂಂ' ಎಂದಳು ದೊಡ್ಡವ್ವ. ಸಾಲಿನಲ್ಲಿದ್ದವರೆಲ್ಲ ಹೂಂ ಎಂದರು.

ಆ ದಿನದಿಂದ ಲಾರಿಯವನ ದೃಶ್ಯ ಬೆಳೆಯುತ್ತಲೇ ಹೋಯಿತು. ಅವನು ದೋಣಿ ಹತ್ತುವ ಮುಂಚೆ ಅದರ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡ. ದೊಡ್ಡಪ್ಪ ಲಾರಿ ಹತ್ತುವ ಮುಂಚೆ ಮುಂದಿನ ಟೈರು ಮುಟ್ಟಿ ಹಾಗೆ ಮಾಡುತ್ತಿದ್ದ. ನಿದ್ದೆ ಬಾರದಿರಲೆಂದು ದೊಡ್ಡಪ್ಪನ ಜೇಬಿನಲ್ಲಿ ಯಾವಾಗಲೂ ಶೇಂಗಾ ಬೆಲ್ಲದ ಗಂಟು ಇರುತ್ತಿತ್ತು, ಜಪಾನಿನ ಲಾರಿಯವನ ಜೇಬಿಗೂ ಅದು ಹೋಯಿತು. ನಡುಹೊಳೆಯಲ್ಲಿ ಅವನು ಗಂಟು ಬಿಚ್ಚಿ ಹುಡುಗಿಯ ಮುಂದೆ ಹಿಡಿದ. ಅವನು ಯಾರೆಂದು ಅವಳಿಗೆ ತಿಳಿಯಿತು, ಆದರೂ ಕೇಳಲಿಲ್ಲ, ಶೇಂಗಾ ತಗೊಂಡು ಬಾಯಿಗೆ ಹಾಕಿಕೊಂಡಳು. ನಾನು ಇವನ್ನೆಲ್ಲ ಬೇಕೆಂದೇ ತುರುಕಲಿಲ್ಲ. ಲಾರಿಯವ ಎಂದರೆ ನನಗೆ ಗೊತ್ತಿದ್ದವನು ಅವನೊಬ್ಬನೇ.

ಪುಸ್ತಕದಲ್ಲಿ ಇದರ ಒಂದು ಅಕ್ಷರವೂ ಇಲ್ಲ. ಹೊಸದಾಗಿ ಬಂದಿದ್ದ ಆನಿಮೆಯಲ್ಲಿ ಮೊದಲೇ ಇಲ್ಲ, ನಾನು ಅದನ್ನು ಪೂರ್ತಿ ನೋಡಿ ಮುಗಿಸಿದ್ದೆ. ಒಂದು ಮಧ್ಯಾಹ್ನ ರೊಟ್ಟಿ ತಿನ್ನುವಾಗ ದೊಡ್ಡವ್ವ ಚಟ್ನಿ ಎಂದು ತಿಳಿದು ಪರಾಗದ ಡಬ್ಬಿಗೆ ಕೈ ಹಾಕಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖ ನೋಡಿದೆ. ಬಾಯಿಂದ ಮಾತು ತಾನಾಗಿಯೇ ಬಂತು.

'ದೊಡ್ಡವ್ವ, ಟಿವ್ಯಾಗ ಈ ಕಥಿ ಬಂದೈತಿ. ಲಾರಿಯವನ ಮುಖ ಎಷ್ಟ್ ಚೊಲೊ ತಗದಾರ ಗೊತ್ತೈತೇನು? ಕಣ್ಣ ಸ್ವಚ್ಛ ಇದ್ದವರಿಗಷ್ಟ ಕಾಣತೈತಿ.'

ಅವಳು ರೊಟ್ಟಿ ಕೆಳಗಿಟ್ಟಳು. 'ಖರೇನ?'

'ಖರೇನ.'

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, 'ರಾಣೇಬೆನ್ನೂರಿನ ಕಣ್ಣಿನ ದವಾಖಾನಿ ಎಷ್ಟಕ್ಕ ತಗೀತೈತಿ?' ಎಂದು ಕೇಳಿದಳು. ಅವ್ವ ಒಲೆಯ ಮುಂದೆ ಕೈ ಮುಗಿದಳು. ಹನುಮಪ್ಪನಿಗೋ ಜಪಾನಿಗೋ ಗೊತ್ತಿಲ್ಲ.

ಮೊದಲು ಬಲಗಣ್ಣು ಮಾಡಿದರು. ದವಾಖಾನೆಯಲ್ಲಿ ದೊಡ್ಡವ್ವ ಪಕ್ಕದ ಮಂಚದ ಮುದುಕಿಗೆ ಅಂಬಿಗನ ಮಗಳ ಕಥೆ ಹೇಳಿ, ಅವಳಿಗೂ ಹೆದರಿಕೆ ಬಿಡಿಸಿ ಬಂದಳು. ಕರಿ ಕನ್ನಡಕ ಹಾಕಿಕೊಂಡು ಓಣಿಯಲ್ಲಿ ನಡೆದು ಬಂದಾಗ ಅಕ್ಕಪಕ್ಕದವರು, 'ಏನ್ರಿ ಅಕ್ಕಾರ, ಹೀರೋಯಿನ್ ಆಗೀರಿ' ಎಂದು ಕಾಡಿಸಿದರು. ಕಣ್ಣಿಗೆ ಹನಿ ಹಾಕುವುದು ನನ್ನ ಪಾಲಿಗೆ ಬಂತು. ಹಾಕಿದಾಗಲೆಲ್ಲ ಒಂದೇ ಪ್ರಶ್ನೆ: 'ಟಿವಿ ಯಾವಾಗ?' ನಾನು ನೆಟ್ ಸರಿಯಿಲ್ಲ ಎಂದೆ, ತಮ್ಮ ವೈರು ಒಯ್ದಿದ್ದಾನೆ ಎಂದೆ, ಡಾಕ್ಟರು ಟಿವಿ ನೋಡಬೇಡ ಎಂದಿದ್ದಾರೆ ಎಂದೆ. ತಪಾಸಣೆಗೆ ಹೋದಾಗ ದೊಡ್ಡವ್ವ ಡಾಕ್ಟರನ್ನೇ ಕೇಳಿಬಿಟ್ಟಳು. ಅವರು, 'ಧಾರಾಳ ನೋಡ್ರಿ ಅಮ್ಮಾರ' ಎಂದರು. ನನ್ನ ದಾರಿಗಳೆಲ್ಲ ಮುಚ್ಚಿದವು.

ನನಗೆ ಖರೇ ಹೆದರಿಕೆಯಾಗಿತ್ತು. ಎಡಗಣ್ಣು ಇನ್ನೂ ಬಾಕಿ ಇತ್ತು. ಸುಳ್ಳು ಬಯಲಾದರೆ ಅವಳು ಅದಕ್ಕೆ ಒಪ್ಪುವುದಿರಲಿ, ಇನ್ನು ಮೇಲೆ ನನ್ನ ಒಂದು ಮಾತನ್ನೂ ನಂಬುವುದಿಲ್ಲ.

ತಮ್ಮ ಫೋನನ್ನು ಟಿವಿಗೆ ಹಚ್ಚಿಕೊಟ್ಟು ತಪ್ಪಿಸಿಕೊಂಡ. ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ನಾನು ಹುಡುಗಿಗೆ ಒಂದು ದನಿ, ರಾಕ್ಷಸನಿಗೆ ಒಂದು ದನಿ ಮಾಡಿ ಕನ್ನಡದಲ್ಲಿ ಒದರುವುದು. ಮೊದಲ ಕಂತಿನ ಶುರುವಿನಲ್ಲೇ ರಸ್ತೆ, ಹಾರ್ನು, ಲಾರಿ.

'ನಿಲ್ಲಸು' ಎಂದಳು ದೊಡ್ಡವ್ವ.

ನಿಲ್ಲಿಸಿದೆ. ಅವಳು ಎದ್ದು ಟಿವಿಯ ಹತ್ತಿರ ಹೋಗಿ ಹೊಸ ಕಣ್ಣಿನಿಂದ ನೋಡಿದಳು. ಲಾರಿಯ ಮುಂದಿನ ಗಾಜಿನ ತುಂಬ ಬೆಳ್ಳಗೆ ಬೆಳಕು ಬಳಿದಿದ್ದರು. ಅದರ ಹಿಂದೆ ಮುಖವಿರಲಿಲ್ಲ. ಅವಳು ಬಹಳ ಹೊತ್ತು ನಿಂತಿದ್ದು, ವಾಪಸ್ ಬಂದು ಕೂತು, 'ಮುಂದ ಹಚ್ಚು' ಎಂದಳು.

ಅಂದಿನಿಂದ ದಿನವೂ ಚಹಾದ ಹೊತ್ತಿಗೆ ಒಂದು ಕಂತು. ಇನ್ನು ಗುಣ ದೋಷಕ್ಕೆ ಬರುತ್ತೇನೆ.

ಆನಿಮೆ ಮಾಡಿದವರು ಕಾದಂಬರಿಯ ಮೊದಲ ಮೂರು ಪುಸ್ತಕವನ್ನು ಒಂದೇ ಚೀಲಕ್ಕೆ ತುರುಕಿದ್ದಾರೆ. ಪುಸ್ತಕದಲ್ಲಿ ದೋಣಿ ಹತ್ತುವ ಒಬ್ಬೊಬ್ಬರಿಗೂ ಒಂದೊಂದು ಅಧ್ಯಾಯವಿದೆ, ಇಲ್ಲಿ ಅವರು ಹತ್ತಿ ಇಳಿದು ಹೋಗುತ್ತಾರೆ, ರಾಣೇಬೆನ್ನೂರು ಬಸ್‌ಸ್ಟ್ಯಾಂಡೇ ವಾಸಿ. ಹುಡುಗಿ ಒಳಗೊಳಗೇ ಯೋಚಿಸುವುದೆಲ್ಲ ಹೋಯಿತು. ಪುಸ್ತಕದಲ್ಲಿ ಅವಳು ಬಹಳ ಕಿಲಾಡಿ, ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತಾಳೆ. ಇಲ್ಲಿ ಕಣ್ಣು ದೊಡ್ಡದು ಮಾಡಿಕೊಂಡು ನಿಲ್ಲುತ್ತಾಳೆ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಕತ್ತಿವರಸೆಗೆ ಇಲ್ಲಿ ಪೂರ್ತಿ ಒಂದು ಕಂತು. ರಾಕ್ಷಸರ ರಾಜಕುಮಾರನ ಕೂದಲು ನೋಡಿ ದೊಡ್ಡವ್ವ, 'ಇಂವ ಯಾವ ಎಣ್ಣಿ ಹಚ್ಚತಾನ ಕೇಳು' ಎಂದಳು. ಇದ್ದ ಹೆಣ್ಣುಮಕ್ಕಳಿಗೆಲ್ಲ ಒಂದೇ ಮುಖ, ಕೂದಲಿನ ಬಣ್ಣವಷ್ಟೇ ಬೇರೆ.

ಬಿಸಿನೀರಿನ ಕೊಳದಲ್ಲಿ ಹುಡುಗಿಯರು ಜಳಕ ಮಾಡುವ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅದು ಬರುವ ಹೊತ್ತಿಗೆ ಸರಿಯಾಗಿ ಅಪ್ಪ ಒಳಗೆ ಬಂದ. ನಾನು ಗಾಬರಿಯಾಗಿ ದೃಶ್ಯವನ್ನು ಮುಂದೆ ಓಡಿಸಲು ಹೋಗಿ ಅಲ್ಲೇ ನಿಲ್ಲಿಸಿಬಿಟ್ಟೆ. ಅಪ್ಪ ಟಿವಿಯನ್ನು ನೋಡದವನಂತೆ ಛತ್ರಿ ಹುಡುಕಿಕೊಂಡು ಹೋದ. ಹೊರಗೆ ಸುಡುಬಿಸಿಲಿತ್ತು. ದೊಡ್ಡವ್ವ ನಕ್ಕು ನಕ್ಕು ಆಪರೇಷನ್ ಆದ ಕಣ್ಣಿನಲ್ಲಿ ನೀರು ತಂದುಕೊಂಡಳು. 'ಜಳಕ ಎಲ್ಲಾರೂ ಮಾಡತಾರ. ಅದನ್ನ ಇಷ್ಟೊತ್ತು ಯಾಕ ತೋರಸಬೇಕು?' ಎಂದಳು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಹೊಳೆದಂಡೆಯ ಹೂಗಳನ್ನು ಹತ್ತಿರದಿಂದ ತೋರಿಸಿದಾಗ ಅವಳು ಮತ್ತೆ ನಿಲ್ಲಿಸಲು ಹೇಳಿದಳು. ದಳ ಇತ್ತು, ನಡುವೆ ಹೆಣ್ಣು ತುದಿ ಇತ್ತು, ಗಂಡು ಎಳೆ ಒಂದೂ ಇರಲಿಲ್ಲ. 'ನಮಗಿಂತ ಮೊದಲ ಯಾರೋ ಕ್ರಾಸಿಂಗ್ ಮಾಡಿ ಹೋಗ್ಯಾರ ನೋಡು' ಎಂದಳು. ಅಷ್ಟು ಸಣ್ಣದು ಅವಳಿಗೆ ಕಂಡಿತಲ್ಲ ಎಂದು ನನಗಾದ ಖುಷಿಯಲ್ಲಿ ಚಹಾದ ಬಟ್ಟಲು ಒದ್ದು ಉರುಳಿಸಿದೆ.

ಇನ್ನು ಒಪ್ಪಿಕೊಳ್ಳಬೇಕಾದ ಮಾತು. ನೀರು ಬಿಡಿಸಿದವರ ಕೈಗೆ ಬಂಗಾರದ ಬಳೆ ಹಾಕಬೇಕು. ಬೆಳಗಿನ ಹೊಳೆ ಬೇರೆ, ಸಂಜೆಯ ಹೊಳೆ ಬೇರೆ, ಮಳೆ ಬರುವ ಮುಂಚಿನದು ಬೇರೆ. ಹುಟ್ಟು ನೀರಿಗೆ ಬೀಳುವ ಸದ್ದು ಕೇಳಿದರೆ ಮೈ ತಣ್ಣಗಾಗುತ್ತದೆ. ಹುಡುಗಿ ಮೊದಲ ಸಲ ಹುಟ್ಟು ಹಿಡಿಯುವ ಜಾಗವಿದೆ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಪುಟ, ಅವಳಿಗೆ ಹಿಂದಿನ ಜನ್ಮದ ತಾಯಿ ನೆನಪಾಗುವುದೆಲ್ಲ ಅಲ್ಲಿದೆ, ನನಗೆ ಬಾಯಿಪಾಠ. ಆನಿಮೆಯಲ್ಲಿ ಒಂದು ಮಾತೂ ಇಲ್ಲ. ಎರಡು ಕೈ, ಹುಟ್ಟು, ನಡುಗುವ ನೀರು. ನಾನು ಆ ನಾಲ್ಕು ಪುಟವನ್ನು ಹೇಳಲು ಬಾಯಿ ತೆರೆದೆ.

'ಸುಮ್ಮಕಿರು. ತಿಳೀತು' ಎಂದಳು ದೊಡ್ಡವ್ವ, ಕಣ್ಣು ಕೀಳದೆ.

ನಾನು ಜನ್ಮದಲ್ಲಿ ಮೊದಲ ಸಲ ಪುಸ್ತಕದ ಪರ ಮಾತಾಡದೆ ಬಾಯಿ ಮುಚ್ಚಿ ಕೂತೆ. ಆ ಜಾಗದಲ್ಲಿ ಪುಸ್ತಕ ಸೋತಿತು ಎಂದು ಈಗಲೂ ಹೇಳುತ್ತೇನೆ.

ಕಂತುಗಳು ಮುಗಿಯುತ್ತ ಬಂದವು. ಲಾರಿಯವ ಬರಲಿಲ್ಲ. ದೊಡ್ಡವ್ವ ಒಮ್ಮೆಯೂ ಕೇಳಲಿಲ್ಲ. ಅದು ನನ್ನನ್ನು ಇನ್ನಷ್ಟು ಸಾಯಿಸುತ್ತಿತ್ತು. ಕೊನೆಯ ಕಂತಿನಲ್ಲಿ ದೋಣಿ ನಡುಹೊಳೆಯಲ್ಲಿದ್ದಾಗ ಎರಡೂ ದಂಡೆಯಲ್ಲಿ ಸೈನ್ಯ ಬಂದು ನಿಲ್ಲುತ್ತದೆ, ಹುಡುಗಿ ತಲೆ ಎತ್ತುತ್ತಾಳೆ, ಹಾಡು ಶುರುವಾಗುತ್ತದೆ, ಮುಗಿಯುತ್ತದೆ.

'ಮುಂದ?'

'ಇಷ್ಟ, ದೊಡ್ಡವ್ವ.'

'ಇಷ್ಟ ಅಂದ್ರ? ನಡುಹೊಳಿಯಾಗ ಬಿಟ್ಟು ಹೋದ್ರ?'

'ಹಿಂಗ ಬಿಟ್ಟ್ರ ಮಂದಿ ಪುಸ್ತಕ ತಗೋತಾರಂತ ಹಿಂಗ ಮಾಡತಾರ. ಎರಡನೇದು ಬಂದ್ರೂ ಬಂತು, ಬರದಿದ್ರೂ ಇಲ್ಲ.'

'ಪ್ಯಾಟಿ ಮಂದಿ ಎಲ್ಲಾ ಕಡೆ ಒಂದ' ಎಂದು ಅವಳು ಚಹಾ ಕುಡಿದಳು. ಇನ್ನು ತಡೆದರೆ ಆಗದು ಎಂದು ನಾನು ಮೆಲ್ಲಗೆ ಶುರು ಮಾಡಿದೆ.

'ದೊಡ್ಡವ್ವ, ಆ ಲಾರಿಯವ…'

'ಅಂವ ಇದರಾಗ ಇಲ್ಲ. ಗೊತ್ತೈತಿ.'

'ಈಗ ಗೊತ್ತಾತಲ್ಲ, ಸಿಟ್ಟಾಗಬ್ಯಾಡ.'

'ಈಗಲ್ಲ. ಹೊಲದಾಗ ಹೇಳಾಕತ್ತಾಗ ಗೊತ್ತಾತು. ಜಪಾನಿನ್ಯಾಗ ಶೇಂಗಾ ಬೆಲ್ಲ ಕಟಗೊಂಡು ಲಾರಿ ಹೊಡೀತಾರೇನು, ಹುಚ್ಚಿ?'

ನಾನು ಅವಳ ಮುಖ ನೋಡಿದೆ. ಅವಳು ನಗುತ್ತಿದ್ದಳು.

'ಗೊತ್ತಿದ್ದೂ ಆಪರೇಷನ್‌ಗೆ ಯಾಕ ಬಂದಿ ಮತ್ತ?'

ದೊಡ್ಡವ್ವ ಬಟ್ಟಲನ್ನು ಕೆಳಗಿಟ್ಟಳು. 'ನಿಮ್ಮ ದೊಡ್ಡಪ್ಪಗ ಹೊಡದ ಮಂದಿ ಅವರ ಮುಖ ನೋಡಿದ್ರೇನು? ಇಲ್ಲ. ಈ ಚಿತ್ರ ಬರದವರೂ ನೋಡಿಲ್ಲ, ಬರೇ ಬೆಳಕು ಬಳದಾರ. ನೀ ನೋಡೀದಿ. ನನ್ನ ಎರಡು ಕಣ್ಣಿನ ಸಲುವಾಗಿ ನೀ ಅವರನ್ನ ಮತ್ತ ಹುಟ್ಟಿಸಿ, ಆ ಹುಡುಗಿ ಕೈಲೆ ಹೊಳಿ ದಾಟಿಸಿದಿ. ಅಷ್ಟಾದ ಮ್ಯಾಲೂ ಬರಾಂಗಿಲ್ಲ ಅಂದ್ರ ನಾ ಎಂಥಾ ಹೆಣಮಗಳು?'

ನನಗೆ ಅಳು ಬಂತು. ಅವಳು ಸೆರಗಿನಿಂದ ನನ್ನ ಮುಖ ಒರಸಿ, ಅಳುವಂಥದ್ದೇನಾಗಿದೆ ಈಗ ಎಂದು ಚೆನ್ನಾಗಿ ಬೈದಳು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು, ಹೊಲಕ್ಕೆ ಹೊರಡುತ್ತ ಕೇಳಿದಳು:

'ಎಡಗಣ್ಣಿಗೆ ಯಾವತ್ತ ಬಾ ಅಂದಾರ?'